ಬಂಡೆರಾಯನ ಪಟ್ಟು

ಬಾಗಿಲು ಬಡಿದ ಸದ್ದಿಗೆ ನೀಲಮ ಎದ್ದು ಕುಳಿತಳು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ. ಬಡಿದವನು ತನ್ನ ಸದ್ದಿಗೆ ತಾನೇ ಹೆದರಿದ ಹಾಗೆ.

ಅಕ್ಕೋಳದಲ್ಲಿ ಆ ನಡುರಾತ್ರಿಯ ಹೊತ್ತಿಗೆ ಯಾರೂ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಒಳಕೋಣೆಯಲ್ಲಿ ತಾಯಿ ಶೇವಂತಾ ಮಗ್ಗುಲು ಬದಲಿಸಿದಳು. ನೀಲಮ ಕಂದೀಲು ಎತ್ತಿಕೊಂಡು, ಪಡಸಾಲೆಯ ಮಂಚದ ಮೇಲೆ ಮಲಗಿದ್ದ ಅಣ್ಣ ಸುರಜನನ್ನು ದಾಟಿ ಹೋಗಿ ಅಗಳಿ ಸರಿಸಿದಳು.

ಹೊರಗೆ ಸಂಗ್ರಾಮ ನಿಂತಿದ್ದ. ಅವಳ ಜೊತೆ ಶಾಲೆ ಕಲಿತವನು, ಈಗ ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು. ಮೋಟರ್‌ಸೈಕಲ್ಲನ್ನು ಓಣಿಯ ತುದಿಯಲ್ಲೇ ಬಿಟ್ಟು ನಡೆದು ಬಂದಿದ್ದ. ಹೊಸ್ತಿಲು ದಾಟದೆ, ಅಂಗಿಯೊಳಗಿಂದ ಒಂದು ಸಿಡಿ ತೆಗೆದು ಅವಳ ಕೈಗಿಟ್ಟ.

"ಮುಂಜಾನಿ ಗಾಡಿ ಬರೂದ್ರೊಳಗ ಇದನ್ನ ನೋಡು."

"ಏನೈತಿ ಇದರಾಗ?"

"ಮಾಡಿದಾಂವ ನಾನ. ಆದ್ರ ಏನೈತಂತ ನನಗ ತಿಳಿದಿಲ್ಲ. ನೀ ನೋಡಿದ್ರ ತಿಳೀಬಹುದು."

ಇನ್ನೊಂದು ಮಾತು ಕೇಳುವಷ್ಟರಲ್ಲಿ ಅವನು ಕತ್ತಲಲ್ಲಿ ಇಳಿದುಹೋಗಿದ್ದ.

ನೀಲಮ ಮೂಲೆಯ ಕಂಪ್ಯೂಟರಿನ ಕಡೆ ನೋಡಿದಳು, ನೋಡಿ ಹಲ್ಲು ಕಚ್ಚಿದಳು. ಕರೆಂಟು ಇರಲಿಲ್ಲ. ಆ ವಾರ ಅಕ್ಕೋಳದ ಸರದಿ ಹಾಗೆಯೇ ಬಂದಿತ್ತು: ರಾತ್ರಿಯೆಲ್ಲ ಕತ್ತಲು, ಬೆಳಗಿನ ಜಾವಕ್ಕೆ ಬಂದರೆ ಬಂತು, ಇಲ್ಲವಾದರೆ ಹೊತ್ತೇರಿದ ಮೇಲೆ. ಗಾಡಿಯೂ ಬೆಳಗಿನ ಜಾವಕ್ಕೇ ಬರುವುದಿತ್ತು. ಅಣ್ಣನ ಜೀವ ಉಳಿಯಬೇಕೆಂದು ಆ ಗಾಡಿಯನ್ನು ಕರೆಸಿದವಳು ಅವಳೇ.

ಕಂದೀಲಿನ ಬೆಳಕಿನಲ್ಲಿ ಸುರಜನ ಮುಖ ಕಂಡಿತು. ಇಷ್ಟು ದಿನ ಈ ಹೊತ್ತಿನಲ್ಲಿ ಅವನ ಕಣ್ಣು ಮಾಡಿನ ಜಂತಿಗಳಲ್ಲಿ ನೆಟ್ಟಿರುತ್ತಿತ್ತು. ಇಂದು ಅವನು ನಿದ್ದೆ ಹೋಗಿದ್ದ. ಹೊತ್ತ ಹೊರೆಯನ್ನು ಇಳಿಸಿ ಮಲಗಿದವನ ನಿದ್ದೆ ಅದು.

ಸಿಡಿಯನ್ನು ಎದೆಗವುಚಿಕೊಂಡು ಅವಳು ಮಂಚದ ಕಾಲಿಗೆ ಒರಗಿ ಕುಳಿತಳು. ಕಾಯುವುದರ ಹೊರತು ಬೇರೆ ದಾರಿ ಇರಲಿಲ್ಲ.

ಏಳು ವರ್ಷದ ಹಿಂದೆ, ೨೦೦೪ರಲ್ಲಿ, ಈ ಮಂಚದ ಮೇಲಿನ ದೇಹವನ್ನು ನೋಡಲೆಂದೇ ಚಿಕ್ಕೋಡಿ, ರಾಯಬಾಗದಿಂದ ಜನ ಬರುತ್ತಿದ್ದರು. ಅಕ್ಕೋಳದ ತಾಲೀಮಿನ, ಅಂದರೆ ಗರಡಿಮನೆಯ, ಸುರಜ ಎಂದರೆ ಮಣ್ಣಿನಿಂದ ಎದ್ದ ಹುಲಿ. ಆ ಬೇಸಿಗೆಯಲ್ಲಿ ಅಥಣಿಯ ಮೈದಾನದಲ್ಲಿ ಅವನಿಗೂ ಕಾಗವಾಡದ ಹಾಲಸಿದ್ದನಿಗೂ ಕುಸ್ತಿ ಗೊತ್ತಾಗಿತ್ತು. ಹಾಲಸಿದ್ದನ ಪಟ್ಟು ಕಲಾಜಂಗ: ಎದುರಾಳಿಯ ತೋಳಿನ ಕೆಳಗೆ ನುಸುಳಿ, ಅವನನ್ನು ಹೆಗಲ ಮೇಲೆ ಅಡ್ಡಡ್ಡ ಹೊತ್ತು, ಬೆನ್ನಡಿಯಾಗಿ ಅಪ್ಪಳಿಸುವುದು. ಆ ಪಟ್ಟಿಗೆ ಸುರಜ ಏನು ಉತ್ತರ ಕೊಡುತ್ತಾನೆಂದು ಚಹಾದಂಗಡಿಗಳಲ್ಲಿ ವಾದಗಳಾಗುತ್ತಿದ್ದವು.

ಉತ್ತರ ಕೊಡುವ ದಿನ ಬರಲೇ ಇಲ್ಲ. ಕುಸ್ತಿ ಇನ್ನೂ ದೂರವಿರುವಾಗಲೇ ಒಂದು ಸಂಜೆ, ಜೊತೆಗಾರ ಭೀಮಗೊಂಡ ತಾಲೀಮಿನ ಬಾಗಿಲು ತೆರೆದಾಗ, ಸುರಜ ಕೆಮ್ಮಣ್ಣಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದ. ಬಾಯಿತುಂಬ ಮಣ್ಣು. ಮಿರಜದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಉಳಿದದ್ದು ಅಷ್ಟೇ. ಕುತ್ತಿಗೆಯ ಕೆಳಗಿನ ದೇಹದಲ್ಲಿ ಎಡಗೈಯ ಬೆರಳುಗಳು ಮಾತ್ರ ಅಲುಗಾಡುತ್ತಿದ್ದವು. ತಲೆಗೂ ಪೆಟ್ಟಾಗಿತ್ತು. ಇನ್ನು ಮಾತು ಇವನ ಬಾಯಿಂದ ಹೊರಗೆ ಬರುವುದಿಲ್ಲ, ಕಿವಿಯಿಂದ ಒಳಗೂ ಹೋಗುವುದಿಲ್ಲ ಎಂದರು ಡಾಕ್ಟರು. ಯಾರು ಮಾಡಿದರು ಎಂದು ಕೇಳಿದರೆ ಕಣ್ಣು ಮುಚ್ಚಿ ಹೌದೆನ್ನುತ್ತಿದ್ದ. ಯಾರೂ ಮಾಡಲಿಲ್ಲವೆ ಎಂದರೂ ಹೌದೆನ್ನುತ್ತಿದ್ದ. ಹೆಸರುಗಳೆಲ್ಲ ಅವನ ಪಾಲಿಗೆ ಬರಿಯ ಸದ್ದಾಗಿದ್ದವು.

ಪೊಲೀಸರು ಹಾಲಸಿದ್ದನನ್ನು ಕರೆದು ಕೇಳಿ ಬಿಟ್ಟರು. ಊರು ಬೇರೆಯೇ ತೀರ್ಪು ಕೊಟ್ಟಿತು. ಅಕ್ಕೋಳದ ತಾಲೀಮಿನಲ್ಲಿ ಒಂದು ಕಟ್ಟಳೆಯಿತ್ತು: ಕುಸ್ತಿ ಕಲಿಸುವ ಗುರು, ವಸ್ತಾದರು, ಇಲ್ಲದ ದಿನ ಯಾರೂ ಅಖಾಡದ ಮಣ್ಣಿಗೆ ಇಳಿಯಕೂಡದು. ಅಂದು ವಸ್ತಾದ ತಾತ್ಯಾಸಾಹೇಬರು ಮೈದಾನದ ಮಾತುಕತೆಗೆಂದು ಅಥಣಿಗೆ ಹೋಗಿದ್ದರು. ಸುರಜ ಗೆಲುವಿನ ಹಸಿವಿನಲ್ಲಿ ಕಟ್ಟಳೆ ಮುರಿದು ಒಬ್ಬನೇ ಇಳಿದ, ಮಣ್ಣು ಅವನನ್ನು ಶಿಕ್ಷಿಸಿತು. ಇದೇ ಮಾತು ಊರಿನ ಬಾಯಲ್ಲಿ ನಿಂತಿತು. ಶೇವಂತಾ ಅದನ್ನು ಎಷ್ಟು ನಂಬಿದಳೆಂದರೆ ಅಮಾವಾಸ್ಯೆಗೊಮ್ಮೆ ತಾಲೀಮಿನ ಮೆಟ್ಟಿಲ ಹೊರಗೆ ನಿಂತು, ತೆಂಗಿನಕಾಯಿ ಒಡೆಸಿ, ಮಗನ ಪರವಾಗಿ ಮಣ್ಣಿನ ಕ್ಷಮೆ ಕೇಳುತ್ತಿದ್ದಳು. ವಸ್ತಾದರು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದರು. ಮಿರಜದ ಖರ್ಚನ್ನೂ ಅವರೇ ನೋಡಿಕೊಂಡಿದ್ದರು.

ಮಂಚಕ್ಕೂ ಗೋಡೆಗೂ ನಡುವೆ ವರ್ಷಗಳು ಸವೆದ ಮೇಲೆ ಸಂಗ್ರಾಮ ಒಂದು ಹಳೆಯ ಕಂಪ್ಯೂಟರು ತಂದ. ಬೆರಳುಗಳಿಗೆ ವ್ಯಾಯಾಮವಾಗಲಿ ಎಂದು ಅದಕ್ಕೊಂದು ಜಾಯ್‌ಸ್ಟಿಕ್ ಜೋಡಿಸಿದ. ಪೇಟೆಯಲ್ಲಿ ಸಿಗುವ ಕಾರಿನ ಆಟ, ಬಂದೂಕಿನ ಆಟ ಯಾವುದನ್ನೂ ಸುರಜ ಮುಟ್ಟಲಿಲ್ಲ. ಆಗ ಸಂಗ್ರಾಮ ಹಟಕ್ಕೆ ಬಿದ್ದು ತಾನೇ ಒಂದು ಆಟ ಕಟ್ಟಿದ. ಹೆಸರು 'ಲಾಲ್ ಮಾತಿ', ಕೆಂಪು ಮಣ್ಣು. ನೀಲಿ ಲಂಗೋಟಿಯ ಪೈಲವಾನ ಒಬ್ಬೊಬ್ಬರನ್ನೇ ಕೆಡವುತ್ತ ಹೋಗಬೇಕು. ಕೊನೆಯ ಹಂತದಲ್ಲಿ ಕಪ್ಪು ದೈತ್ಯನೊಬ್ಬ ಕಾದಿರುತ್ತಾನೆ. ಹುಡುಗರ ಭಾಷೆಯಲ್ಲಿ ಅವನು ಬಾಸ್. ಸಂಗ್ರಾಮ ಅವನಿಗೆ ಬಂಡೆರಾಯ ಎಂದು ಹೆಸರಿಟ್ಟಿದ್ದ. ಬಂಡೆರಾಯನಿಗೆ ಒಂದು ಮೀಸಲು ಪಟ್ಟು. ಅದನ್ನು ಹಾಕಿದನೆಂದರೆ ಆಟ ಮುಗಿಯಿತು. ಊರವರ ಅನುಮಾನ ಹಾಲಸಿದ್ದನ ಮೇಲಿದ್ದುದರಿಂದ ಆ ಪಟ್ಟು ಕಲಾಜಂಗವೇ ಆಗಿತ್ತು.

ದಿನಾ ಬೆಳಿಗ್ಗೆ ಸುರಜನ ಮೈ ತೊಳೆದು ಎಣ್ಣೆ ತಿಕ್ಕಲು ಬರುತ್ತಿದ್ದ ಭೀಮಗೊಂಡ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ನೀ ಎಂದರ ಮಣ್ಣ ಮುಟ್ಟೀಯೇನ, ಮಾಸ್ತರ? ನಿನ್ನ ಬಂಡೆರಾಯ ಕುಸ್ತಿ ಹಿಡಿದಂಗ ಇಲ್ಲ, ನಿಪ್ಪಾಣಿ ಬಸ್ಸು ಹತ್ತಿದಂಗ ಐತಿ."

"ನಿನ್ನಂಗ ಎಡಗೈಲೆ ಉಣ್ಣಾಂವಗ ಎಲ್ಲಾ ಉಲ್ಟಾನ ಕಾಣತೈತಿ, ಭೀಮ್ಯಾ" ಎಂದು ಸಂಗ್ರಾಮ ತಿರುಗೇಟು ಕೊಟ್ಟಿದ್ದ.

ಅಂದು ನಗದವನು ಸುರಜ ಒಬ್ಬನೇ. ಭೀಮಗೊಂಡ ಬಂದಾಗಲೆಲ್ಲ ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ತಾಲೀಮಿನವರು ಯಾರೇ ಬಂದರೂ ಅಷ್ಟೇ. ಜನ ಅದನ್ನು ಪ್ರೀತಿ ಎಂದುಕೊಂಡರು.

ಆದರೆ ಆಟದಲ್ಲಿ ಅವನು ವಿಚಿತ್ರವಾಗಿ ನಡೆದುಕೊಳ್ಳತೊಡಗಿದ. ಗೆಲ್ಲಬಲ್ಲವನು ಬೇಕೆಂದೇ ಸೋಲುತ್ತಿದ್ದ. ಬಂಡೆರಾಯ ತನ್ನ ಪಟ್ಟು ಹಾಕುವವರೆಗೆ ಸುಮ್ಮನಿದ್ದು, ಹಾಕಿದ ಕೂಡಲೇ ಜಾಯ್‌ಸ್ಟಿಕ್ಕನ್ನು ಹಾಸಿಗೆಗೆ ಬಡಿಯುತ್ತಿದ್ದ. ಗಂಟಲಿನಿಂದ ಕಟ್ಟಿಹಾಕಿದ ಎತ್ತಿನಂಥ ಸದ್ದು ಬರುತ್ತಿತ್ತು. ಈ ಪಟ್ಟು ತಪ್ಪೆಂದು ಹೇಳುತ್ತಿದ್ದಾನೆ ಎಂಬುದು ಮೊದಲು ಹೊಳೆದದ್ದು ಸಂಗ್ರಾಮನಿಗೆ. ಮಾತು ಸತ್ತಿದ್ದರೂ ಪಟ್ಟುಗಳು ಅವನೊಳಗೆ ಬದುಕಿದ್ದವು. ಸಂಗ್ರಾಮ ಆಟದಲ್ಲಿ ಹೊಸದೊಂದು ಪರದೆ ಸೇರಿಸಿದ: ಅಲ್ಲಿ ಬಂಡೆರಾಯನ ಮತ್ತು ನೀಲಿ ಪೈಲವಾನನ ಕೈಕಾಲುಗಳನ್ನು ಸುರಜ ತಾನೇ ತಿರುಗಿಸಿ ನಿಲ್ಲಿಸಬಹುದಾಗಿತ್ತು, ಬೇಕಾದ ಬಣ್ಣವನ್ನೂ ಬಳಿಯಬಹುದಾಗಿತ್ತು.

ಹೀಗೆ ಬಂಡೆರಾಯನ ಪಟ್ಟು ಬದಲಾಗತೊಡಗಿತು.

ಮೊದಲು ಅವನು ಎದುರಿನಿಂದ ಸರಿದು ಪೈಲವಾನನ ಹಿಂಬದಿಗೆ ಹೋದ. ಹೊತ್ತೆಸೆಯುವುದು ಹೋಯಿತು. ಕಲಾಜಂಗ ಅಳಿಯಿತು, ಅದರೊಂದಿಗೆ ಹಾಲಸಿದ್ದನ ಮೇಲಿನ ಅನುಮಾನವೂ ಅಳಿಯಿತು. ಅಂದೇ ನೀಲಮಳಿಗೆ ಹೊಳೆದದ್ದು. ತನ್ನ ಅಣ್ಣ ತಾನಾಗಿ ಬಿದ್ದವನಲ್ಲ. ಯಾರೋ ಕೆಡವಿದ್ದಾರೆ, ಅದೂ ಬೆನ್ನ ಹಿಂದಿನಿಂದ. ಅಂದಿನಿಂದ ತಾಲೀಮಿನವರು ಬಂದರೆ ಅವಳು ಪರದೆಗೆ ಬಟ್ಟೆ ಹೊದಿಸಿಬಿಡುತ್ತಿದ್ದಳು.

ಆಮೇಲೆ ನೀಲಿ ಪೈಲವಾನ ಬಾಗಿದ. ಎರಡೂ ಕೈ ಮೊಣಕಾಲಿನ ಮೇಲೆ, ತಲೆ ಕೆಳಗೆ. ದಣಿದು ಏದುಸಿರು ಬಿಡುತ್ತಿದ್ದಾನೆ ಎಂದುಕೊಂಡರು ನೀಲಮ, ಸಂಗ್ರಾಮ ಇಬ್ಬರೂ. ಸಂಗ್ರಾಮ ಉಸಿರಿನ ಸದ್ದನ್ನೂ ಸೇರಿಸಿದ. ಸುರಜ ಆ ಸದ್ದು ಕೇಳಿ ಕಣ್ಣು ಮುಚ್ಚಿಕೊಂಡ. ಅದೇಕೆಂದು ಅವರಿಗೆ ತಿಳಿಯಲಿಲ್ಲ.

ಕೊನೆಗೆ, ಈ ತಿಂಗಳ ಮೊದಲಲ್ಲಿ, ಬಂಡೆರಾಯನ ತೋಳು ಪೈಲವಾನನ ಗದ್ದದಡಿ ತೂರಿ ಕುತ್ತಿಗೆಯನ್ನು ತಿರುಚಿತು. ಕುಸ್ತಿಯಲ್ಲಿ ನಿಷಿದ್ಧವಾದ ಹಿಡಿತ ಅದು. ಸಂಗ್ರಾಮ ಬಲಗೈಯಲ್ಲಿ ಚಿತ್ರಿಸಿದರೆ ಸುರಜ ಬಡಿದು ಕೆಡಿಸಿದ. ಎಡಗೈಗೆ ಬದಲಿಸಿದಾಗ ಸುಮ್ಮನಾದ.

ಎಡಗೈ.

ಅಕ್ಕೋಳದ ತಾಲೀಮಿನಲ್ಲಿ ಎಡಗೈಯವನು ಒಬ್ಬನೇ. ಬಿದ್ದಿದ್ದ ಸುರಜನನ್ನು ಮೊದಲು ಕಂಡವನೂ ಅವನೇ. ದಿನಾ ಬೆಳಿಗ್ಗೆ ಈ ಮಂಚದ ಬಳಿ ಕುಳಿತು, ಅದೇ ಕುತ್ತಿಗೆಯನ್ನು ಎಡಗೈಯಲ್ಲಿ ಎತ್ತಿ ನೀರು ಹಾಕುವವನೂ ಅವನೇ. ನೀಲಮಳಿಗೆ ಊಟ ಸೇರಲಿಲ್ಲ. ಭೀಮಗೊಂಡ ಮನೆಯಲ್ಲಿರುವಷ್ಟು ಹೊತ್ತೂ ಅವಳು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಅವನು ಒಂದು ದಿನ ಕೇಳಿಯೇಬಿಟ್ಟ: "ಯಾಕವಾ ತಂಗಿ, ಪೊಲೀಸರಂಗ ನಿಂತೀಯಲ್ಲ? ನಿಮ್ಮ ದಾದಾನ್ನ ಕದ್ಕೊಂಡ ಹೋಗೂದಿಲ್ಲ ನಾ." ಅವಳು ಚೌಕಟ್ಟು ಬಿಟ್ಟು ಕದಲಲಿಲ್ಲ.

ಯಾರಿಗೆ ಹೇಳುವುದು? ತಾಯಿಗೆ ಹೇಳಿದರೆ ಎದೆಯೊಡೆಯುತ್ತದೆ. ಪೊಲೀಸರ ಮುಂದೆ ಕಂಪ್ಯೂಟರಿನ ಆಟ ತೋರಿಸಿದರೆ ನಗುತ್ತಾರೆ. ಕೊನೆಗೆ ಅವಳು ತಾತ್ಯಾಸಾಹೇಬರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು: ಹಿಂಬದಿ, ಏದುಸಿರು, ಎಡಗೈ. ಬಿಳಿ ಮೀಸೆಯ ಆ ಮುದುಕರು ಕಣ್ಣು ಮುಚ್ಚಿ ಕೇಳಿದರು. ಭೀಮಗೊಂಡನನ್ನು ತಾನು ಮಗನಂತೆ ಬೆಳೆಸಿದ್ದಾಗಿ ಹೇಳಿ ನಿಟ್ಟುಸಿರು ಬಿಟ್ಟರು. ಈ ಮಾತು ಹೊರಗೆ ಹೋಗಬಾರದು, ಹೋದರೆ ಅವನು ಸುರಜನನ್ನು ಉಳಿಸುವುದಿಲ್ಲ ಎಂದರು. ಕುಡಚಿಯ ಹತ್ತಿರ ಹೊಳೆದಂಡೆಯಲ್ಲಿ ಅವರದೊಂದು ತೋಟದ ಮನೆಯಿತ್ತು. ಅಲ್ಲಿ ತಾನೇ ಇಟ್ಟುಕೊಂಡು ನೋಡಿಕೊಳ್ಳುವುದಾಗಿ, ಬೆಳಗಾಗುವ ಮೊದಲೇ ಬಂದು ಕರೆದೊಯ್ಯುವುದಾಗಿ ಮಾತು ಕೊಟ್ಟರು. ನೀಲಮ ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳು ಎದ್ದಾಗ ಅವರು ಮತ್ತೊಂದು ಮಾತು ಸೇರಿಸಿದರು.

"ಆ ಡಬ್ಬಿ ಮಾತ್ರ ಬ್ಯಾಡವಾ. ಅದನ್ನ ನೋಡಿ ನೋಡಿ ಹುಡುಗಂದು ಕಣ್ಣು ಹೋದೀತು."

ನಿನ್ನೆ ಮಧ್ಯಾಹ್ನ ವಸ್ತಾದರ ಮನೆಯಿಂದ ಅವರದೇ ಹಸಿರು ಶಾಲು ಬಂತು, ದಾರಿಯಲ್ಲಿ ಸುರಜನಿಗೆ ಹೊದಿಸಲೆಂದು. ಶೇವಂತಾ ಅದನ್ನು ಮಂಚದ ಮೇಲೆ ಹರವಿದಳು. ಮಾತು ತಿಳಿಯದ ಸುರಜನಿಗೆ ಶಾಲು ತಿಳಿಯಿತು. ಗಂಟು ಕಟ್ಟಿದ ತನ್ನ ಬಟ್ಟೆಗಳನ್ನೂ ಶಾಲನ್ನೂ ನೋಡಿದ. ಅವನ ಗಂಟಲಿನ ಸದ್ದಿಗೆ ಪಕ್ಕದ ಮನೆಯವರು ಹೊರಗೆ ಬಂದರು. ಸಂಗ್ರಾಮ ಬಂದು ಆಟ ಹಚ್ಚಿದ ಮೇಲೆಯೇ ಅವನು ತಣ್ಣಗಾದದ್ದು. ಸಂಜೆಯವರೆಗೆ ಅವನ ಬೆರಳುಗಳು ನಿಲ್ಲಲಿಲ್ಲ. ನೀಲಮ ತಾಯಿಯೊಂದಿಗೆ ದಾರಿಯ ಬುತ್ತಿಗೆ ರೊಟ್ಟಿ ತಟ್ಟುತ್ತ ಒಳಗಿದ್ದಳು; ಹೊರಗೆ ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಸುರಜ ನಿಲ್ಲಿಸಿದ ಭಂಗಿಗಳನ್ನು ಜೋಡಿಸಿ ತರುತ್ತೇನೆಂದು ಸಂಗ್ರಾಮ ನಿಪ್ಪಾಣಿಗೆ ಓಡಿದ್ದ.

ಆ ಜೋಡಣೆ ಈಗ ಅವಳ ಎದೆಯ ಮೇಲಿತ್ತು.

ಕೋಳಿ ಕೂಗಿತು. ಕರೆಂಟು ಬರಲಿಲ್ಲ. ದೂರದ ಕಬ್ಬಿನ ಗದ್ದೆಗಳ ಆಚೆ ಯಾವುದೋ ಗಾಡಿಯ ಸದ್ದು ಹುಟ್ಟಿ, ಹತ್ತಿರವಾಗಿ, ನಿಪ್ಪಾಣಿಯ ರಸ್ತೆ ಹಿಡಿದು ಹೋಯಿತು. ನೀಲಮ ಉಸಿರು ಬಿಟ್ಟಳು. ಬಾಗಿಲ ಸಂದಿಯ ಕಪ್ಪು ನೀಲಿಯಾಗತೊಡಗಿತು. ಒಮ್ಮೆಲೆ ಮಾಡಿನ ಬಲ್ಬು ಮಿಣುಕಿತು, ಆರಿತು, ಮತ್ತೆ ಹೊತ್ತಿ ನಿಂತಿತು.

ಅವಳು ಎದ್ದು ಗುಂಡಿ ಒತ್ತಿ ಸಿಡಿ ಹಾಕಿದಳು. ಕಂಪ್ಯೂಟರು ಮುದುಕಿಯಂತೆ ಗೊಣಗುತ್ತ ಎಚ್ಚರವಾಯಿತು. ಪರದೆಯ ತುಂಬ ಕೆಂಪು ಮಣ್ಣು. ನೀಲಿ ಪೈಲವಾನ ಬಂದು ನಿಂತ, ಬಂಡೆರಾಯ ಬಂದ. ಅವಳು ಏನನ್ನೂ ಒತ್ತದೆ ನೋಡುತ್ತ ಕುಳಿತಳು.

ಪೈಲವಾನ ಮೊಣಕಾಲಿನ ಮೇಲೆ ಕೈಯೂರಿ ಬಾಗಿದ. ಈ ಸಲ ಏದುಸಿರಿನ ಸದ್ದು ಇರಲಿಲ್ಲ; ಸುರಜ ಅದನ್ನು ತೆಗೆಸಿದ್ದ. ಪೈಲವಾನ ದಣಿದಿರಲಿಲ್ಲ. ಅವನು ಕಾಯುತ್ತಿದ್ದ.

ಬಂಡೆರಾಯ ಬಗ್ಗಿ ಬಲಗೈಯಲ್ಲಿ ಹಿಡಿ ಮಣ್ಣು ಎತ್ತಿಕೊಂಡ. ಅದನ್ನು ಪೈಲವಾನನ ಬೆನ್ನಿನ ನಡುವೆ, ನಿಧಾನವಾಗಿ, ಒತ್ತಿದ. ಬಲಗೈ ಇನ್ನೂ ಅಲ್ಲೇ ಇರುವಾಗ, ಎಡದೋಳು ಗದ್ದದಡಿ ನುಗ್ಗಿತು. ಕತ್ತು ತಿರುಚಿತು. ಪೈಲವಾನ ಮಣ್ಣಿಗೆ ಮುಖವಿಟ್ಟು ಬಿದ್ದ. ಬಿದ್ದವನ ಬೆನ್ನ ಮೇಲೆ ಐದು ಬೆರಳಿನ ಕೆಂಪು ಅಚ್ಚು ಉಳಿಯಿತು. ಆಟ ಅಲ್ಲಿಗೆ ನಿಂತಿತು.

ಸಂಗ್ರಾಮನಿಗೆ ಇದು ತಿಳಿಯದಿದ್ದುದು ಸಹಜ. ಅವನು ತಾಲೀಮಿನೊಳಗೆ ಕಾಲಿಟ್ಟವನಲ್ಲ. ನೀಲಮಳೂ ಇಟ್ಟವಳಲ್ಲ, ಆದರೆ ಚಿಕ್ಕವಳಿದ್ದಾಗ ಅಣ್ಣನಿಗೆ ಹಾಲಿನ ತಂಬಿಗೆ ಒಯ್ದು ಮೆಟ್ಟಿಲ ಮೇಲೆ ನಿಂತು ನೋಡಿದ್ದಳು. ಹುಡುಗರು ಸಾಲಾಗಿ ಮೊಣಕಾಲಿಗೆ ಕೈಯೂರಿ ಬಾಗಿ ನಿಲ್ಲುತ್ತಿದ್ದರು. ಒಂದು ಕೈ ಅವರ ಬೆನ್ನಿಗೆ ಮಣ್ಣು ಒತ್ತುತ್ತ ಬರುತ್ತಿತ್ತು. ಆ ಆಶೀರ್ವಾದ ಬೀಳುವ ತನಕ ಯಾರೂ ತಲೆ ಎತ್ತುವಂತಿರಲಿಲ್ಲ, ಹಿಂತಿರುಗಿ ನೋಡುವಂತಿರಲಿಲ್ಲ. ಆ ತಾಲೀಮಿನಲ್ಲಿ ಬೆನ್ನಿಗೆ ಮಣ್ಣು ಒತ್ತುವ ಅಧಿಕಾರ ಒಂದೇ ಕೈಗಿತ್ತು.

ಎಡಗೈ ಎಂದರೆ ಎಡಚನ ಕೈ ಆಗಿರಲಿಲ್ಲ. ಬಲಗೈಯಲ್ಲಿ ಮಣ್ಣಿತ್ತು, ಅಷ್ಟೇ. ಭೀಮಗೊಂಡನಿಗೆ ಈ ಪರದೆಯನ್ನು ಒಮ್ಮೆ ತೋರಿಸಿದ್ದರೆ, ಆ ಬಾಗಿದ ಭಂಗಿಯನ್ನು ಕಂಡ ಕೂಡಲೇ ಹೇಳಿಬಿಡುತ್ತಿದ್ದ. ಓದಬಲ್ಲ ಒಬ್ಬನಿಂದಲೇ ಅವಳು ಅದನ್ನು ಬಟ್ಟೆ ಹೊದಿಸಿ ಬಚ್ಚಿಟ್ಟಿದ್ದಳು.

ಸುರಜ ಕಟ್ಟಳೆ ಮುರಿದಿರಲಿಲ್ಲ. ಅಂದು ಮಣ್ಣಿನ ಬಳಿ ಅವನು ಒಬ್ಬನೇ ಇರಲಿಲ್ಲ; ಅಥಣಿಗೆ ಹೋದದ್ದೆಂಬುದು ಬರಿಯ ಮಾತಾಗಿತ್ತು. ಬೀಳುವ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಅವನು ಆಡಿದ ಮಾತು ಈಗ ಅವಳ ಕಿವಿಯಲ್ಲಿ ಮೊಳಗಿತು: "ಯಾರರೇ ಹೇಳ್ಯಾರಂತ ಮಣ್ಣಿಗೆ ಬೆನ್ನ ಹಚ್ಚಾಂವ ನಾ ಅಲ್ಲ, ನೀಲಾ." ಹಾಲಸಿದ್ದನ ಮೇಲಿನ ಸವಾಲೆಂದು ಅವಳು ನಕ್ಕಿದ್ದಳು. ಅದು ಸವಾಲಾಗಿರಲಿಲ್ಲ. ಸೋಲಬೇಕೆಂದು ಅವನಿಗೆ ಯಾರೋ ಹೇಳಿದ್ದರು. ಮೈದಾನದಲ್ಲಿ ನಡೆಯುವ ಮೊದಲೇ ಆ ಕುಸ್ತಿ ಎಲ್ಲೋ ಮಾರಾಟವಾಗಿ ಮುಗಿದಿತ್ತು. ಒಪ್ಪದವನು ಸುರಜ ಮಾತ್ರ.

"ಏನ ನೋಡಾಕತ್ತೀಬೇ, ಇಷ್ಟ ಮುಂಜಾನಿ?"

ಶೇವಂತಾ ಸೆರಗು ಸರಿಪಡಿಸಿಕೊಳ್ಳುತ್ತ ಹಿಂದೆ ಬಂದು ನಿಂತಿದ್ದಳು. ಪರದೆಯ ಮೇಲಿನ ಬಿದ್ದ ದೇಹವನ್ನು, ಅದರ ಬೆನ್ನ ಮೇಲಿನ ಅಚ್ಚನ್ನು ನೋಡಿದಳು. ಮುದುಕಿಯ ಕೈ ತಾನಾಗಿ ತನ್ನ ಸೆರಗಿನ ತುದಿಗೆ ಹೋಯಿತು.

"ಇದು ಅವನ ಬೆನ್ನಾಗ ಇತ್ತು" ಎಂದಳು ಮೆಲ್ಲಗೆ. "ಮಿರಜದಾಗ. ಪೈಲವಾನಗ ಮಣ್ಣು ಇರೂದ ಅಂತ... ನಾನ ಒರಸೀನಿ, ನೀಲಾ. ಈ ಸೆರಗಿಲೆ ಒರಸೀನಿ."

ಓಣಿಯಲ್ಲಿ ಜೀಪು ತಿರುಗಿದ ಸದ್ದಾಯಿತು. ಮನೆಯ ಮುಂದೆ ಬಂದು ನಿಂತಿತು. ಸುರಜ ಕಣ್ಣು ತೆರೆದ. ಮೊದಲು ಪರದೆಯನ್ನು, ಆಮೇಲೆ ತಂಗಿಯ ಮುಖವನ್ನು ನೋಡಿದ. ಅವಳಿಗೆ ತಿಳಿದಿದೆಯೆಂದು ಅವನಿಗೆ ತಿಳಿಯಿತು. ಎಡಗೈಯ ಬೆರಳುಗಳು ಹಾಸಿಗೆಯ ಅಂಚನ್ನು ಬಿಗಿಹಿಡಿದವು.

ನೀಲಮ ಹಸಿರು ಶಾಲನ್ನು ಎಳೆದು ನೆಲಕ್ಕೆ ಎಸೆದಳು. ಅಗಳಿ ಹಾಕಿದಳು. ರೊಟ್ಟಿ ತಟ್ಟುವ ಕಲ್ಲನ್ನು ಅಡುಗೆಮನೆಯಿಂದ ಎಳೆದು ತಂದು ಬಾಗಿಲಿಗೆ ಒತ್ತಿಟ್ಟಳು. ಮೊಬೈಲಿನಲ್ಲಿ ಭೀಮಗೊಂಡನ ನಂಬರು ಹುಡುಕಿ ಒತ್ತಿದಳು; ಅತ್ತ ಗಂಟೆ ಹೊಡೆಯತೊಡಗಿತು, ಎತ್ತುವವರಿರಲಿಲ್ಲ. ಹೊರಗೆ ಹೆಜ್ಜೆಗಳು ಕಟ್ಟೆ ಹತ್ತಿದವು. ಬಾಗಿಲು ಬಡಿಯಿತು. ಈ ಬಡಿತದಲ್ಲಿ ಅವಸರವಿರಲಿಲ್ಲ, ಅಂಜಿಕೆಯೂ ಇರಲಿಲ್ಲ.

ಶೇವಂತಾ ಮಗಳ ರಟ್ಟೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅವಳ ದನಿ ಪಿಸುಮಾತಿಗಿಂತ ಕೆಳಗಿತ್ತು.

"ನನ್ನ ಮಗನ ಕುತ್ತಿಗಿ ಮುರದಾಂವ ಯಾರ? ಹೆಸರ ಹೇಳು."

"ಬಾಗಲಾ ಬಡಿಯಾಕತ್ತಾನಲ್ಲ ಅವ್ವಾ, ಅಂವನ... ತಾತ್ಯಾಸಾಹೇಬ."